ಹದಿನೇಳನೇ ಚಿತ್ರ

ದಾವಣಗೆರೆಯಲ್ಲಿ ರೈಲ್ವೆ ಗೇಟು ಬಿದ್ದರೆ
ನನಗೆ ಏಳು ನಿಮಿಷ ಬಿಡುವು.
ಆಚೆ ಆಟೋಗಳು ಹಾರ್ನು ಹೊಡೆಯುತ್ತವೆ,
ಈಚೆ ಜೆರಾಕ್ಸ್ ಮಿಷನ್ನಿನ ಹೊಟ್ಟೆ ತಣ್ಣಗಾಗುತ್ತದೆ,
ನಾನು ಡ್ರಾಯರಿನಿಂದ ಕೆಟ್ಟ ಹಾಳೆಗಳ ಕಟ್ಟು ತೆಗೆಯುತ್ತೇನೆ.

ಹಾಲಸ್ವಾಮಿ ತಂದಿದ್ದ ಪುಸ್ತಕ, ಎಂಟನೇ ಕ್ಲಾಸಿನ ಹುಡುಗ,
ಯಾರದೋ ಕೈಯಿಂದ ಒಂದು ದಿನಕ್ಕೆ ಕಡ ತಂದದ್ದು.
ಓರೆ ಬಂದದ್ದು, ಮಸಿ ಹೆಚ್ಚಾದದ್ದು ಒಂಬತ್ತು ಹಾಳೆ
ನನ್ನ ಪಾಲಿಗೆ ಉಳಿದವು.
ಉತ್ತರದ ಪುಟಗಳು ಮಾತ್ರ ನೀಟಾಗಿ ಬಂದಿದ್ದವು;
ಅವನ್ನು ಅವನೇ ಒಯ್ದ.

"ಏನೋ ಇದು, ಇಷ್ಟು ಕುದುರೆ?" ಅಂತ ಕೇಳಿದ್ದೆ.
"ಕವಲು, ದ್ರಾಕ್ಷಕ್ಕ. ಒಂದೇ ನೆಗೆತ, ಎರಡು ಬಾಯಿ.
ರಾಜನ್ನ ಉಳಿಸಿಕೊಂಡ್ರೆ ಮಂತ್ರಿ ಹೋತು."
ಚಿಲ್ಲರೆ ಎಣಿಸುತ್ತ ಅಂದೆ,
"ಅತ್ತ ದರಿ ಇತ್ತ ಪುಲಿ ಅನ್ನು."
"ಹೂಂ," ಅಂದ, "ಆದ್ರೆ ಇಲ್ಲಿ ಪುಲಿ ನಾವು."

ಆ ಮಾತು ಎದೆಯಲ್ಲಿ ಕೂತುಬಿಟ್ಟಿತು.
ನಲವತ್ಮೂರು ವರ್ಷ ಆ ಗಾದೆಯನ್ನು
ನಡುವೆ ನಿಂತವಳ ಕಡೆಯಿಂದಲೇ ಹೇಳಿಕೊಂಡು ಬಂದಿದ್ದೆ.

ಮನೆ ಗೀಚಿದ್ದು ರಟ್ಟಿನ ಮೇಲೆ. ಕಾಯಿಗಳಿಗೆ ಬರವಿಲ್ಲ:
ರಬ್ಬರು ರಾಜ, ಗಮ್ಮಿನ ಮುಚ್ಚಳ ಮಂತ್ರಿ,
ಪಿನ್ನಿನ ಡಬ್ಬಿ ಆನೆ, ಮೆಂಡರು ಕುದುರೆ.
ಕಾಲಾಳುಗಳು ಮಂಡಕ್ಕಿ.
ಫ್ಯಾನು ಹಾಕಿದರೆ ಇಡೀ ಸೈನ್ಯ ನೆಲಕ್ಕೆ,
ಅದಕ್ಕೇ ಏಪ್ರಿಲ್ಲಿನಲ್ಲೂ ಬೆವರುತ್ತ ಕೂರುತ್ತೇನೆ;
ಕರೆಂಟ್ ಬಿಲ್ಲು ಇಳಿದೈತಲ್ಲ ಅಂತ ಕೊಟ್ರೇಶಣ್ಣನಿಗೆ ಖುಷಿ.
ಒಮ್ಮೆ ಯೋಚಿಸುತ್ತ ಯೋಚಿಸುತ್ತ
ಎದುರಾಳಿಯ ಮೂರು ಕಾಲಾಳು ತಿಂದೇ ಬಿಟ್ಟೆ.

ಮೊದಮೊದಲು ಕುದುರೆಯನ್ನು ಹಿಡಿದು ಅಲೆಯುತ್ತಿದ್ದೆ,
ಎಲ್ಲಿ ಹಾರಲಿ, ಎಲ್ಲಿ ಹಾರಲಿ ಅಂತ.
ಈಗ ತಿರುವಿ ನೋಡುತ್ತೇನೆ:
ರಾಜನ ಮನೆಯಲ್ಲೊಂದು ಕುದುರೆ ನಿಲ್ಲಿಸು, ಅದರ ನೆಗೆತ ಎಣಿಸು,
ಮಂತ್ರಿಯ ಮನೆಯಲ್ಲೊಂದು ನಿಲ್ಲಿಸು, ಅದರದೂ ಎಣಿಸು,
ಎರಡೂ ಎಣಿಕೆ ಕೂಡುವ ಮನೆಗೆ
ನನ್ನ ಕುದುರೆಗೆ ದಾರಿ ಇದೆಯೆ?
ಹಾಗೆ ಹದಿನಾರು ಬಿಡಿಸಿದೆ.

ಹದಿನೇಳು ಬಿಡಲಿಲ್ಲ.
ಎಫ್ ಎಂಟರಲ್ಲಿ ಕಪ್ಪು ರಾಜ, ಒಂದು ಮನೆ ಬಿಟ್ಟು ಮಂತ್ರಿ,
ನನ್ನ ಕುದುರೆ ಎಫ್ ನಾಲ್ಕರಲ್ಲಿ ಗೊರಸು ಕೆರೆಯುತ್ತಿದೆ.
ಇ ಆರಕ್ಕೆ ನೆಗೆದರೆ ಇಬ್ಬರೂ ಸಿಕ್ಕರು.
ಆದರೆ ಎಫ್ ಏಳರಲ್ಲಿ ಒಬ್ಬ ಕಾಲಾಳು,
ದುಂಡು ತಲೆ, ಮಾಸಲು,
ನೆಗೆದ ಕುದುರೆಯನ್ನು ಓರೆಯಿಂದ ಕಡಿದುಬಿಡುತ್ತಾನೆ.
ನಾಲ್ಕು ದಿನ. ಗೇಟು ಎಷ್ಟು ಸಲ ಬಿತ್ತೋ, ಎದ್ದಿತೋ.
ಒಂಟೆಯಿಂದ ನೋಡಿದೆ, ಆನೆಯಿಂದ ನೋಡಿದೆ,
ಮನೆಯಲ್ಲಿ ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಬೆರಳು
ಎರಡು ಮುಂದೆ, ಒಂದು ಪಕ್ಕಕ್ಕೆ.
ಆ ಒಬ್ಬ ಬಡಪಾಯಿ ಕದಲಲಿಲ್ಲ.

ಶನಿವಾರ ರಜಾಕ್ ಸಾಬರು ಬಂದರು, ಕೈಯಲ್ಲಿ ಪಹಣಿ.
"ಏನವ್ವ, ಸರ್ವೆ ನಂಬರಿನ ಪಕ್ಕ ಈ ಚುಕ್ಕೆ?
ಮೂಲದಾಗ ಇಲ್ಲ."
ನೋಡಿದೆ. ಇರಲಿಲ್ಲ.
ಮುಚ್ಚಳ ಎತ್ತಿದೆ:
ಗಾಜಿನ ಮೇಲೆ ಒಂದು ತೊಟ್ಟು ಗಮ್ಮು, ಧೂಳು ಕುಡಿದು ಕಪ್ಪಾಗಿ,
ಕಾಲಾಳಿನ ತಲೆಯಷ್ಟೇ ದುಂಡಗೆ.

ಎಷ್ಟು ಜನರ ಮಾರ್ಕ್ಸ್ ಕಾರ್ಡಿನಲ್ಲಿ, ರೇಷನ್ ಕಾರ್ಡಿನಲ್ಲಿ,
ಯಾರ ಹೆಸರಿನ ಯಾವ ಅಕ್ಷರದ ಮಗ್ಗುಲಲ್ಲಿ
ಈತ ನಿಂತು ಕಾವಲು ಕಾದನೋ.
ಹಾಲಸ್ವಾಮಿಯ ಪ್ರತಿಯಲ್ಲೂ ನಿಂತಿರಬೇಕು.
ಉಗುರಿನಿಂದ ಕೆರೆದೆ. ಎದ್ದು ಬಂದ.

ಸಾಬರಿಗೆ ಹೊಸ ಪ್ರತಿ ಕೊಟ್ಟು ದುಡ್ಡು ಬೇಡ ಅಂದೆ.
ಅಷ್ಟರಲ್ಲಿ ಗೇಟು ಬಿತ್ತು.
ರಟ್ಟು ಹರಡಿ, ಎಫ್ ಏಳರ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡೆ.
ಮೆಂಡರನ್ನು ಎತ್ತಿ ಇ ಆರಕ್ಕೆ.

ಉತ್ತರದ ಪುಟ ನನ್ನಲ್ಲಿಲ್ಲ.
ಹುಡುಗ ಬಂದರೆ ಕೇಳಬಹುದು. ಕೇಳುವುದಿಲ್ಲ.
ರಬ್ಬರು ಒಂದು ಮನೆ ಸರಿಯಿತು, ಬೇರೆ ಗತಿಯೇನು,
ಗಮ್ಮಿನ ಮುಚ್ಚಳ ಇದ್ದಲ್ಲೇ ಉಳಿಯಿತು.
ಹರಿಹರದ ಕಡೆಯಿಂದ ರೈಲಿನ ಸದ್ದು.
ಅದನ್ನು ಕೂಡಲೇ ಹೊಡೆಯಲಿಲ್ಲ ನಾನು,
ಕೊನೆಯ ಡಬ್ಬಿ ದಾಟುವವರೆಗೂ ಹಾಗೇ ನೋಡುತ್ತ ಕೂತೆ.

ಆಮೇಲೆ ಫ್ಯಾನು ಹಾಕಿದೆ.